ಮತಗಟ್ಟೆವಾರು ಫಲಿತಾಂಶ ಮತ್ತು ಲೈನ್ ಮನೆಯ ಮತ

2023ರ ಮೇ 13ರಂದು ವಿಧಾನಸಭಾ ಚುನಾವಣೆಯ ಮತ ಎಣಿಕೆ ನಡೆದಾಗ, ಮಡಿಕೇರಿ ಮತ್ತು ವಿರಾಜಪೇಟೆ ಕ್ಷೇತ್ರಗಳ ಮುನ್ನಡೆಯನ್ನು ಚುನಾವಣಾ ಆಯೋಗದ ಜಾಲತಾಣದಲ್ಲಿ, ಸಿಗ್ನಲ್ ಸಿಕ್ಕವರೆಲ್ಲ, ಮನೆಯಲ್ಲೇ ಕುಳಿತು ನೋಡಬಹುದಾಗಿತ್ತು. ಈ ವೇಗದ ಬಗ್ಗೆ ನನಗೆ ತಕರಾರಿಲ್ಲ.

ನನ್ನನ್ನು ಕಾಡುವುದು ಎಣಿಕೆಯ ನಂತರ ನಮೂನೆ 20ರಲ್ಲಿ ಪ್ರಕಟವಾಗುವ ಮತಗಟ್ಟೆವಾರು ವಿವರ. ಪ್ರತಿಯೊಂದು ಯಂತ್ರವನ್ನೂ ಪ್ರತ್ಯೇಕವಾಗಿ ಎಣಿಸುವುದರಿಂದ ಯಾವ ಊರು ಯಾರಿಗೆ ಎಷ್ಟು ಮತ ಕೊಟ್ಟಿತೆಂಬುದು ಬಯಲಾಗುತ್ತದೆ. ನಗರದಲ್ಲಿ ಇದು ಕೇವಲ ಅಂಕಿ ಅಂಶ; ಆದರೆ ಕಾಫಿ ತೋಟದ ಲೈನ್ ಮನೆಗಳವರು (ಕಾರ್ಮಿಕರ ಸಾಲುಮನೆಗಳಲ್ಲಿ ಇರುವವರು) ಮತ್ತು ಹಾಡಿಯ (ಆದಿವಾಸಿ ಜನವಸತಿಯ) ಯರವ, ಜೇನುಕುರುಬ ಕುಟುಂಬಗಳು ಹೆಚ್ಚಾಗಿರುವ ಸಣ್ಣ ಮತಗಟ್ಟೆಯಲ್ಲಿ, ಕೂಲಿ ಕೊಡುವವರಿಗೂ ರಸ್ತೆ ಮಂಜೂರು ಮಾಡಿಸುವವರಿಗೂ ಗುಟ್ಟು ಅರ್ಧ ತಿಳಿದಂತೆಯೇ ಸರಿ.

ಇದಕ್ಕೆ ಪರಿಹಾರವೂ ಇತ್ತು. ಹದಿನಾಲ್ಕು ಯಂತ್ರಗಳ ಮತಗಳನ್ನು ಒಟ್ಟುಗೂಡಿಸಿ ಮೊತ್ತವನ್ನಷ್ಟೇ ತೋರಿಸುವ ‘ಟೋಟಲೈಸರ್’ ಎಂಬ ಸಾಧನವನ್ನು ಚುನಾವಣಾ ಆಯೋಗವು 2008ರಲ್ಲೇ ಸೂಚಿಸಿತ್ತು. ಕಾನೂನು ಆಯೋಗವೂ 2015ರಲ್ಲಿ ಅದನ್ನು ಬೆಂಬಲಿಸಿತು, ಕೇಂದ್ರ ಸರ್ಕಾರ ಒಪ್ಪಲಿಲ್ಲ. ಮತಗಟ್ಟೆವಾರು ಲೆಕ್ಕವಿದ್ದರೆ ಅಕ್ರಮ ಪತ್ತೆ ಸುಲಭ ಎಂಬ ಪ್ರತಿವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಒಟ್ಟು ಚಲಾವಣೆಯಾದ ಮತಗಳ ಲೆಕ್ಕ ಮತದಾನದ ಸಂಜೆಯೇ ನಮೂನೆ 17ಸಿ ಮೂಲಕ ಪಕ್ಷಗಳ ಏಜೆಂಟರ ಕೈಸೇರುತ್ತದೆಯಲ್ಲ. ಹೋಲಿಸಿ ನೋಡಲು ಅದು ಸಾಕಾಗಬೇಕು ಎಂದು ನನ್ನ ಅಭಿಪ್ರಾಯ.