ಗುಳಿಗೆ ಬಂತು, ನೀರು?

ಮೇ 13, 2025, ಮಂಗಳವಾರ
ಮರಾನ್ಯೋನ್ ನದಿ ದಡ, ಲೊರೆಟೊ ಪ್ರಾಂತ್ಯ, ಪೆರು

ಇಲ್ಲಿ ಈಗ ನದಿ ತುಂಬಿ ಹರಿಯುವ ಕಾಲ. ಮನೆಗಳೆಲ್ಲ ಮರದ ಕಂಬಗಳ ಮೇಲಿವೆ, ನೀರು ಹಲಗೆ ನೆಲದ ಕೆಳಗೇ ಬಂದು ನಿಂತಿದೆ. ಪಕ್ಕದ ಮನೆಗೆ ಹೋಗಬೇಕಾದರೂ ದೋಣಿಯೇ. ಆರು ವರ್ಷದ ಹುಡುಗಿಯೊಬ್ಬಳು ತಮ್ಮನನ್ನು ಕೂರಿಸಿಕೊಂಡು ತಾನೇ ಹುಟ್ಟು ಹಾಕುತ್ತಾ ನಮ್ಮ ವೈದ್ಯಕೀಯ ಶಿಬಿರಕ್ಕೆ ಬಂದಳು.

ಇಕಿಟೋಸ್ ನಗರಕ್ಕೆ ದೇಶದ ಬೇರೆ ಕಡೆಯಿಂದ ರಸ್ತೆಯೇ ಇಲ್ಲ. ವಿಮಾನದಲ್ಲಿ ಬರಬೇಕು, ಇಲ್ಲವೇ ನದಿಯಲ್ಲಿ. ಅಲ್ಲಿಂದ ನೌತಾ ಪಟ್ಟಣದವರೆಗೆ ಸುಮಾರು 100 ಕಿ.ಮೀ. ರಸ್ತೆ ಇದೆ, ಅಷ್ಟೇ. ಆಮೇಲೆ ಪೆಕೆ-ಪೆಕೆ, ಅಂದರೆ ಸಣ್ಣ ಮೋಟಾರಿನ ದೋಣಿ. ಚರ್ಚಿನ ತಂಡದವರು, ಔಷಧಿ ಪೆಟ್ಟಿಗೆ, ಅಕ್ಕಿ ಮೂಟೆ ಎಲ್ಲ ಒಟ್ಟಿಗೆ ಬಂದೆವು.

ಶಾಲೆಯ ಕೋಣೆಯಲ್ಲೇ ಶಿಬಿರ. ನನ್ನ ಕೆಲಸ ಮಕ್ಕಳಿಗೆ ಜಂತುಹುಳದ ಔಷಧಿ ಕೊಡೋದು. ಎರಡು ವರ್ಷ ದಾಟಿದವರಿಗೆ 400 ಮಿ.ಗ್ರಾಂ ಅಲ್ಬೆಂಡಜೋಲ್, ಒಂದೇ ಗುಳಿಗೆ, ಚೆನ್ನಾಗಿ ಅಗಿದು ನುಂಗಬೇಕು. ತೀರಾ ಚಿಕ್ಕವರಿಗೆ ಇಡೀ ಗುಳಿಗೆ ಕೊಟ್ಟರೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಅದಕ್ಕೇ ಪುಡಿ ಮಾಡಿ, ಕುದಿಸಿ ಆರಿಸಿದ ನೀರಲ್ಲಿ ಕದಡಿ, ಚಮಚದಲ್ಲಿ ಕುಡಿಸಿದೆವು. ನುಂಗಿದ್ದಾರಾ ಅಂತ ಬಾಯಿ ತೆರೆಸಿ ನೋಡಿದೆವು.

ಮೊಮ್ಮಗನನ್ನು ಕರೆತಂದಿದ್ದ ಅಜ್ಜಿಯೊಬ್ಬರು ನನ್ನ ಕೈ ಹಿಡಿದುಕೊಂಡು ಕೇಳಿದರು: "ಗುಳಿಗೆ ಬಂತು ಮಗಳೇ. ನೀರು ಯಾವಾಗ ಬರುತ್ತೆ?"

ಇಡೀ ದಿನದಲ್ಲಿ ನಾನು ಕೇಳಿದ ಮುಖ್ಯವಾದ ಮಾತು ಅದೇ. ಈ ಮಕ್ಕಳು ಕುಡಿಯೋದು ನದಿಯ ನೀರು. ಪ್ರವಾಹ ಬಂದಾಗ ಶೌಚದ ಗುಂಡಿಗಳೂ ಅದೇ ನೀರಿಗೆ ಸೇರುತ್ತವೆ. ಇವತ್ತು ಹುಳ ಸತ್ತರೂ ಕೆಲವೇ ತಿಂಗಳಲ್ಲಿ ಮತ್ತೆ ಬರುತ್ತವೆ. ಮಧ್ಯಾಹ್ನ ಬಕೆಟ್ ಇಟ್ಟು ನೀರು ಶುದ್ಧ ಮಾಡುವುದನ್ನು ತೋರಿಸಿದೆವು. ಮರಾನ್ಯೋನ್ ನೀರಿನಲ್ಲಿ ಮಣ್ಣು ಜಾಸ್ತಿ. ಕೆಸರಿದ್ದಾಗಲೇ ಕ್ಲೋರಿನ್ ಹಾಕಿದರೆ ಅದರ ಶಕ್ತಿಯೆಲ್ಲ ಕೆಸರಿಗೇ ಹೋಗುತ್ತದೆ. ಮೊದಲು ಮಣ್ಣು ತಳಕ್ಕೆ ಕೂರಬೇಕು, ತಿಳಿನೀರನ್ನು ಬಟ್ಟೆಯಲ್ಲಿ ಸೋಸಬೇಕು, ಆಮೇಲೆ ಹನಿ ಹಾಕಿ ಅರ್ಧ ಗಂಟೆ ಮುಚ್ಚಿಡಬೇಕು.

ಆದರೆ ಎಣ್ಣೆಗೆ ಕ್ಲೋರಿನ್ ಏನೂ ಮಾಡಲಾರದು. 2014ರಲ್ಲಿ ಇದೇ ನದಿಯ ಕುನಿನಿಕೊ ಹಳ್ಳಿಯ ಹತ್ತಿರ ಪೈಪ್‌ಲೈನ್ ಒಡೆದು ಕಚ್ಚಾತೈಲ ಸೋರಿತ್ತು. ಅದೊಂದೇ ಸೋರಿಕೆಯೂ ಅಲ್ಲ. ಇದನ್ನೆಲ್ಲ ನೋಡಿ ಸಾಕಾದ, ಇಲ್ಲಿನ ಮೂಲನಿವಾಸಿ ಕುಕಾಮ ಜನಾಂಗದ ಹೆಂಗಸರು ಕೋರ್ಟಿಗೆ ಹೋದರು. 2024ರ ಮಾರ್ಚ್‌ನಲ್ಲಿ ನೌತಾದ ನ್ಯಾಯಾಲಯ ಮರಾನ್ಯೋನ್ ನದಿಗೇ ಹಕ್ಕುಗಳಿವೆ ಎಂದು ತೀರ್ಪು ಕೊಟ್ಟಿತು. ಮಾಲಿನ್ಯವಿಲ್ಲದೆ ಹರಿಯುವ ಹಕ್ಕೂ ಅದರಲ್ಲಿದೆ. ಆ ಹೋರಾಟದ ಮುಂದಾಳು ಮಾರಿ ಲೂಸ್ ಕನಾಕಿರಿ ಅವರಿಗೆ ಕಳೆದ ತಿಂಗಳಷ್ಟೇ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂದಿದೆ. ಈ ನೀರಿನ ಬಗ್ಗೆ ಇಲ್ಲಿನ ಹೆಂಗಸರಿಗೆ ನಾವು ಕಲಿಸಬೇಕಾದ್ದು ತುಂಬಾ ಕಮ್ಮಿ. ಅವರಿಂದ ಕೇಳಿ ತಿಳಿಯಬೇಕಾದ್ದೇ ಹೆಚ್ಚು.

ಜ್ವರದ ಸಾಲನ್ನು ನೋಡಿಕೊಂಡವರು ಈ ಊರಿನ ಆರೋಗ್ಯ ಕಾರ್ಯಕರ್ತ. ಕಸುಬಿನಲ್ಲಿ ಮೀನುಗಾರರು. ಒಂಬತ್ತು ವರ್ಷದ ಹುಡುಗನೊಬ್ಬ ಮೂರನೇ ಸಲ ಮಲೇರಿಯಾ ಅನುಮಾನದ ಮೇಲೆ ಬಂದಿದ್ದ. ಅವರು ಬೆರಳಿಗೆ ಸೂಜಿ ಚುಚ್ಚಿ, ರಕ್ತದ ಹನಿಯನ್ನು ಗಾಜಿನ ಮೇಲೆ ದುಂಡಗೆ ಹರಡಿದರು. ಅಂಚಿಗೆ ಪೆನ್ಸಿಲ್‌ನಲ್ಲಿ ಗುರುತು ಬರೆದು ಒಣಗಲು ಇಟ್ಟರು. ಕೈ ಸ್ವಲ್ಪವೂ ನಡುಗಲಿಲ್ಲ. ಆಮೇಲೆ ತಮ್ಮ ನೋಟ್‌ಬುಕ್ ತೆಗೆದು ಹಿಂದಿನ ಎರಡೂ ಜ್ವರದ ತಾರೀಕು ತೋರಿಸಿದರು. ಎರಡು ಸಲವೂ ಬಂದಿದ್ದು ವೈವಾಕ್ಸ್ ಎಂಬ ಬಗೆಯ ಮಲೇರಿಯಾ. ಎರಡು ಸಲವೂ ಜ್ವರ ಬಿಟ್ಟ ಕೂಡಲೇ ಮನೆಯವರು ಗುಳಿಗೆ ನಿಲ್ಲಿಸಿದ್ದರು. ಇಲ್ಲಿ ಕ್ಲೋರೋಕ್ವಿನ್ ಮೂರು ದಿನ, ಪ್ರೈಮಾಕ್ವಿನ್ ಏಳು ದಿನ ಕೊಡುತ್ತಾರೆ. ಮೊದಲನೆಯದು ಜ್ವರ ಇಳಿಸುತ್ತದೆ. ಎರಡನೆಯದು ಯಕೃತ್ತಿನಲ್ಲಿ ಅಡಗಿ ಕೂತ ಪರಾವಲಂಬಿಯನ್ನು ಕೊಲ್ಲುತ್ತದೆ. ಅದನ್ನು ಅರ್ಧಕ್ಕೆ ಬಿಟ್ಟರೆ ಸೊಳ್ಳೆ ಮತ್ತೆ ಕಚ್ಚದಿದ್ದರೂ ಕಾಯಿಲೆ ತಿರುಗಿ ಬರಬಹುದು.

"ಈ ಸಲ ದಿನಾ ಬೆಳಿಗ್ಗೆ ನಾನೇ ದೋಣಿಯಲ್ಲಿ ಹೋಗಿ ಎದುರಿಗೇ ನುಂಗಿಸ್ತೀನಿ" ಅಂದರು. ಏಳನೇ ದಿನ ಇಲ್ಲಿ ನಾವ್ಯಾರೂ ಇರುವುದಿಲ್ಲ. ಆ ಗುಳಿಗೆ ಹುಡುಗನ ಹೊಟ್ಟೆ ಸೇರೋದು ಇವರಿಂದಲೇ. ದೂರದಿಂದ ಬರುವ ನಮ್ಮಂಥ ತಂಡಗಳು ಮೊದಲು ಇಂಥವರ ಬಳಿ ಹೋಗಿ ಏನು ಬೇಕು ಅಂತ ಕೇಳಬೇಕು, ಅಲ್ವಾ?

ಸಂಜೆ ಎಲೆಯಲ್ಲಿ ಸುತ್ತಿ ಕೆಂಡದ ಮೇಲೆ ಸುಟ್ಟ ಮೀನು, ಬೇಯಿಸಿದ ಮರಗೆಣಸು. ಬಹಳ ರುಚಿಯಾಗಿತ್ತು. ಆಮೇಲೆ ಪ್ರಾರ್ಥನೆ. ಪಾದ್ರಿಗಳು ಇವತ್ತು ಹಳೆಯ ಕಥೆಯೊಂದನ್ನು ಎತ್ತಿಕೊಂಡರು. 1638ರಿಂದ ಜೆಸ್ಯೂಟರು, ಅಂದರೆ ಕ್ಯಾಥೋಲಿಕ್ ಪಂಥವೊಂದರ ಪಾದ್ರಿಗಳು, ಈ ನದಿಯಲ್ಲಿ ಮಿಷನ್‌ಗಳನ್ನು ಕಟ್ಟಿದರು. ಚದುರಿ ಬದುಕುತ್ತಿದ್ದ ಜನರನ್ನು ಒಂದೇ ಕಡೆ ಸೇರಿಸಿದರು. ಅಲ್ಲಿಗೆ ಸಿಡುಬು, ದಡಾರ ಬಂದಾಗ ಊರೂರೇ ಖಾಲಿಯಾದವು. ನಮ್ಮ ಪಾದ್ರಿಗಳು ಅದನ್ನು ಮುಚ್ಚಿಡದೆ, ಆ ಜನರ ವಂಶದವರ ಎದುರಿಗೇ ಹೇಳಿ ಕ್ಷಮೆ ಬೇಡಿದರು. ನನಗೆ ಕಣ್ಣು ತುಂಬಿ ಬಂತು. ನಂಬಿಕೆ ಇಟ್ಟುಕೊಂಡೇ ಬಂದಿದ್ದೇನೆ. ಆ ನಂಬಿಕೆಗೆ ಈ ಇತಿಹಾಸದ ನೆನಪೂ ಬೇಕು.

ನಾಳೆ ಬೆಳಿಗ್ಗೆ ರಕ್ತದ ಸ್ಲೈಡುಗಳನ್ನು ಸೂಕ್ಷ್ಮದರ್ಶಕ ಇರುವ ಆರೋಗ್ಯ ಕೇಂದ್ರಕ್ಕೆ ಮುಟ್ಟಿಸಬೇಕು. ನಮ್ಮ ದೋಣಿ ಆ ದಾರಿಯಲ್ಲೇ ಹೋಗುತ್ತದೆ. ಫಲಿತಾಂಶವನ್ನು ಅಲ್ಲಿಂದ ರೇಡಿಯೋದಲ್ಲಿ ತಿಳಿಸುತ್ತಾರೆ. ಉಳಿದ ಸೂಜಿ, ಗಾಜು, ಕೈಗವಸು ಎಲ್ಲ ಇಲ್ಲೇ ಬಿಡುತ್ತೇವೆ. ಬೇರೇನು ತರಲಿ ಅಂತ ಕೇಳಿದ್ದಕ್ಕೆ ಆ ಆರೋಗ್ಯ ಕಾರ್ಯಕರ್ತರು ಎರಡೇ ವಸ್ತು ಹೇಳಿದರು: ದೋಣಿಗೆ ಪೆಟ್ರೋಲ್, ಮತ್ತೆ ನೀರಲ್ಲಿ ಬಿದ್ದರೂ ಕೆಡದ ಟಾರ್ಚ್. ರಾತ್ರಿ ಹೆರಿಗೆ ನೋವು ಬಂದವರನ್ನು ಕರೆದೊಯ್ಯಲು ಬೇಕಂತೆ. ಪಟ್ಟಿಯಲ್ಲಿ ಬರೆದುಕೊಂಡೆ.