ಹದಿನಾರು ಭಾನುವಾರಗಳು, ಇಪ್ಪತ್ತೊಂದು ಕಿಲೋಮೀಟರು

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಎದುರುಮನೆಯ ಅಕ್ಕನೂ ನಾನೂ ಆರು ವರ್ಷಗಳಿಂದ ಬೆಳಗಿನ ನಡಿಗೆಗೆ ಹೋಗುತ್ತಿದ್ದೆವು. ಅವರಿಗೆ ಈಗ 52, ನನಗೆ 41. ಕಳೆದ ಬೇಸಿಗೆಯಲ್ಲಿ ಒಂದು ದಿನ, ಹೆಜ್ಜಾರ್ಲೆಗಳು ನೀರಿಗಿಳಿಯುವುದನ್ನು ನೋಡುತ್ತಾ ನಿಂತಿದ್ದಾಗ, ಊರಿನಲ್ಲಿ ನಡೆಯಲಿರುವ ಅರ್ಧ ಮ್ಯಾರಥಾನಿಗೆ ಹೆಸರು ಕೊಡೋಣವೇ ಎಂದು ಅವರು ಕೇಳಿದರು. ಅಂದಿನವರೆಗೆ ನಾನು ಬಸ್ಸು ಹಿಡಿಯುವುದಕ್ಕಲ್ಲದೆ ಬೇರೆ ಯಾವುದಕ್ಕೂ ಓಡಿದವಳಲ್ಲ. ಆದರೂ ಅವರ ದನಿಯಲ್ಲಿದ್ದ ಗಂಭೀರತೆಯನ್ನು ಕಂಡು ಒಪ್ಪಿಕೊಂಡೆ. ಕಳೆದ ತಿಂಗಳು ನಾವಿಬ್ಬರೂ ಆ ಓಟವನ್ನು ಮುಗಿಸಿದೆವು.

ಅರ್ಧ ಮ್ಯಾರಥಾನಿನ ದೂರ 21.0975 ಕಿಲೋಮೀಟರು. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಡಿದ 42.195 ಕಿಲೋಮೀಟರನ್ನೇ ಮುಂದೆ 1921ರಲ್ಲಿ ಮ್ಯಾರಥಾನಿನ ಅಧಿಕೃತ ದೂರವೆಂದು ನಿಗದಿ ಮಾಡಿದ್ದರಿಂದ, ಅದರ ಅರ್ಧಕ್ಕೂ ಈ ಬಿಡಿ ಅಂಕಿಗಳು ಅಂಟಿಕೊಂಡಿವೆ. ಈ ವಿವರವನ್ನು ಹುಡುಕುವಾಗ ತಿಳಿದ ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಲ ಕಾಡಿತು. ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಮ್ಯಾರಥಾನ್ ಓಡುವ ಅವಕಾಶ ಸಿಕ್ಕಿದ್ದು 1984ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಅಮೆರಿಕದ ಜೋನ್ ಬೆನೋಯ್ಟ್ 2 ಗಂಟೆ 24 ನಿಮಿಷ 52 ಸೆಕೆಂಡುಗಳಲ್ಲಿ ಓಡಿ ಮೊದಲ ಚಿನ್ನ ಗೆದ್ದರು. ಅದು ನಾನು ಹುಟ್ಟಿದ ವರ್ಷ. ಅಕ್ಕನ ಬಾಲ್ಯದಲ್ಲಿ, ಹೆಣ್ಣಿನ ದೇಹ ಅಷ್ಟು ದೂರವನ್ನು ತಾಳಲಾರದೆಂಬ ನಂಬಿಕೆ ಇನ್ನೂ ಜೀವಂತವಾಗಿತ್ತು ಎಂಬುದನ್ನು ನೆನೆದರೆ ನನಗೆ ಇಂದಿಗೂ ಬೇಸರವಾಗುತ್ತದೆ.

ನಮ್ಮ ತಯಾರಿ ಹದಿನಾರು ವಾರಗಳದ್ದು. ವಾರದಲ್ಲಿ ಮೂರು ದಿನ ಸಣ್ಣ ಓಟ, ಭಾನುವಾರ ದೀರ್ಘ ಓಟ. ಆರಂಭದಲ್ಲಿ ಎರಡು ನಿಮಿಷ ಓಡಿ ಒಂದು ನಿಮಿಷ ನಡೆಯುತ್ತಿದ್ದೆವು. ನಾಲ್ಕನೆಯ ವಾರದ ಹೊತ್ತಿಗೆ ಉಸಿರು ಹದಕ್ಕೆ ಬಂದು, ಕೆರೆಯ ಸುತ್ತ ನಿಲ್ಲದೆ ಓಡುವುದು ಸಾಧ್ಯವಾದಾಗ ನನ್ನೊಳಗೆ ಅವಸರ ಹುಟ್ಟಿತು. ಅಕ್ಕ ಬೇಡವೆಂದರೂ ಒಂದೇ ವಾರದಲ್ಲಿ ದೀರ್ಘ ಓಟವನ್ನು 7 ಕಿಲೋಮೀಟರಿನಿಂದ 11ಕ್ಕೆ ಏರಿಸಿದೆ. ಆರನೆಯ ವಾರ ಮೊಣಕಾಲಿನ ಕೆಳಗೆ, ಮುಂಭಾಗದ ಮೂಳೆಯ ಒಳಬದಿಯಲ್ಲಿ ಮೊದಲಾದ ನೋವು ಮೆಟ್ಟಿಲು ಇಳಿಯುವಾಗಲೂ ಕಾಣಿಸಿಕೊಳ್ಳತೊಡಗಿತು. ಪರೀಕ್ಷಿಸಿದ ಫಿಸಿಯೋಥೆರಪಿಸ್ಟ್ ಹೇಳಿದ ಮಾತನ್ನು ಹೊಸದಾಗಿ ಓಡಲು ಹೊರಟವರೆಲ್ಲರಿಗೂ ಮುಟ್ಟಿಸಬೇಕೆಂದು ನನಗನ್ನಿಸುತ್ತದೆ: ಹೃದಯವೂ ಶ್ವಾಸಕೋಶವೂ ಕೆಲವೇ ವಾರಗಳಲ್ಲಿ ಓಟಕ್ಕೆ ಒಗ್ಗಿಕೊಳ್ಳುತ್ತವೆ, ಆದರೆ ಮೂಳೆಗಳಿಗೂ ಸ್ನಾಯುಗಳನ್ನು ಮೂಳೆಗೆ ಕಟ್ಟಿಹಾಕುವ ತಂತುಗಳಿಗೂ ಅದಕ್ಕಿಂತ ಹೆಚ್ಚು ಕಾಲ ಬೇಕು. ಉಸಿರು ಸಾಕಷ್ಟಿದೆ ಎಂದ ಮಾತ್ರಕ್ಕೆ ಕಾಲು ಸಿದ್ಧವಾಗಿದೆ ಎಂದರ್ಥವಲ್ಲ. ಹನ್ನೆರಡು ದಿನ ಓಟ ಬಿಟ್ಟೆ. ಆ ದಿನಗಳಲ್ಲಿ ಅಕ್ಕ ಒಬ್ಬರೇ ಓಡಿ ಬಂದು, ಗೇಟಿನ ಬಳಿ ನಿಂತು, ಅಂದು ಎಷ್ಟು ದೂರವಾಯಿತೆಂದು ಹೇಳಿ ಹೋಗುತ್ತಿದ್ದರು.

ಮತ್ತೆ ಆರಂಭಿಸಿದಾಗ ನಾನು ಕಲಿಯಬೇಕಾಗಿದ್ದು ನಿಧಾನವಾಗಿ ಓಡುವುದನ್ನು. ಪಕ್ಕದಲ್ಲಿರುವವರೊಡನೆ ಪೂರ್ತಿ ವಾಕ್ಯಗಳಲ್ಲಿ ಮಾತನಾಡಲು ಆಗುವಷ್ಟು ನಿಧಾನ. ವೇಗ ಹೆಚ್ಚಿದಂತೆ ದೇಹವು ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನನ್ನು ಬೇಗ ಬೇಗ ಖರ್ಚು ಮಾಡುತ್ತದೆ. ನಿಧಾನವಾದರೆ ಕೊಬ್ಬಿನ ಪಾಲು ಹೆಚ್ಚಿ, ಆ ದಾಸ್ತಾನು ಹೆಚ್ಚು ಹೊತ್ತು ಬರುತ್ತದೆ. ಕಾರಣ ತಿಳಿದಿದ್ದರೂ ಪಾಲಿಸುವುದು ಸುಲಭವಾಗಿರಲಿಲ್ಲ, ಏಕೆಂದರೆ ಹಿಂದಿನಿಂದ ಬಂದವರು ದಾಟಿ ಮುಂದೆ ಹೋದಾಗಲೆಲ್ಲ ಕಾಲು ತಾನಾಗಿಯೇ ಬಿರುಸಾಗುತ್ತಿತ್ತು. ಆಗ ಅಕ್ಕ ತಮ್ಮ ಮಗಳ ಕಾಲೇಜಿನ ವಿಷಯವನ್ನೋ ಅಂದಿನ ಸಾರಿನ ವಿಷಯವನ್ನೋ ತೆಗೆದು ನನ್ನನ್ನು ಮಾತಿಗೆಳೆಯುತ್ತಿದ್ದರು. ಅವರು ಬೇಕೆಂದೇ ಹಾಗೆ ಮಾಡುತ್ತಿದ್ದರೆಂಬುದು ನನಗೆ ತಡವಾಗಿ ಅರಿವಾಯಿತು.

ಭಾನುವಾರಗಳಂದು ನಾಲ್ಕೂವರೆಗೆ ಎದ್ದು, ರಾಗಿ ಗಂಜಿಯನ್ನೋ ಎರಡು ಏಲಕ್ಕಿ ಬಾಳೆಹಣ್ಣನ್ನೋ ತೆಗೆದುಕೊಂಡು ಐದೂಕಾಲಿಗೆ ಹೊರಡುತ್ತಿದ್ದೆವು. ಆ ಹೊತ್ತಿನಲ್ಲಿ ಹೆಂಗಸರು ರಸ್ತೆಯಲ್ಲಿ ಓಡುವುದೆಂದರೆ ದಾರಿಯನ್ನು ಮೊದಲೇ ಯೋಚಿಸಿಡಬೇಕು: ಎಲ್ಲಿ ಬೀದಿದೀಪ ಉರಿಯುತ್ತದೆ, ಎಲ್ಲಿ ನಾಯಿಗಳ ಗುಂಪಿದೆ, ಶೌಚಾಲಯ ಬೇಕಾದರೆ ಯಾವ ಪೆಟ್ರೋಲ್ ಬಂಕ್ ತೆರೆದಿರುತ್ತದೆ. ಶೂ, ಗಡಿಯಾರಗಳ ಬಗ್ಗೆ ಸಲಹೆ ಕೊಟ್ಟವರು ಬಹಳ ಮಂದಿ. ಈ ಪ್ರಶ್ನೆಗಳಿಗೆ ಉತ್ತರವನ್ನು ನಾವೇ ಕಂಡುಕೊಳ್ಳಬೇಕಾಯಿತು. ಮನೆಯಲ್ಲಿ ಆ ಹದಿನಾರು ಭಾನುವಾರಗಳ ಬೆಳಗಿನ ಅಡುಗೆಯನ್ನು ನಮ್ಮ ಅತ್ತೆಯವರು ಒಂದು ಮಾತೂ ಆಡದೆ ವಹಿಸಿಕೊಂಡರು. ಕೊನೆಯ ಎರಡು ವಾರ ದೂರವನ್ನು ಇಳಿಸಿ ಕಾಲಿಗೆ ವಿಶ್ರಾಂತಿ ಕೊಟ್ಟೆವು. ಅಷ್ಟರೊಳಗೆ ನಾವು ಓಡಿದ ಅತಿ ದೀರ್ಘ ದೂರ 18 ಕಿಲೋಮೀಟರು.

ಓಟದ ದಿನ ಓವಲ್ ಮೈದಾನದಲ್ಲಿ ಇನ್ನೂ ಕತ್ತಲಿರುವಾಗಲೇ ಜನ ಸೇರಿದ್ದರು. ಮೂರು ಗಂಟೆಯ ಗಡುವಿತ್ತು, ಅಂದರೆ ಒಂದೊಂದು ಕಿಲೋಮೀಟರಿಗೆ ಸುಮಾರು ಎಂಟೂವರೆ ನಿಮಿಷ. ಅಕ್ಕನ ದೀರ್ಘ ಓಟಗಳ ವೇಗ ಹೆಚ್ಚುಕಡಿಮೆ ಅಷ್ಟೇ ಇತ್ತು. ಅವರ ಜೊತೆಯಲ್ಲೇ ಓಡುತ್ತೇನೆಂದು ನಾನು ಹೇಳಿದಾಗ, "ನೀನು ನಿನ್ನ ಓಟ ಓಡು, ನಾನು ಬಂದೇ ಬರ್ತೀನಿ" ಎಂದು ನನ್ನ ಎದೆಯ ಮೇಲಿನ ಸಂಖ್ಯೆಯ ಚೀಟಿಯ ಪಿನ್ನನ್ನು ಸರಿಮಾಡಿ ಮುಂದಕ್ಕೆ ಕಳಿಸಿದರು.

ಮೊದಲ ಕಿಲೋಮೀಟರು 6 ನಿಮಿಷ 20 ಸೆಕೆಂಡಿನಲ್ಲಿ ಕಳೆದುಹೋಯಿತು. ನಾನು ಅಂದುಕೊಂಡಿದ್ದುದು ಏಳೂವರೆ. ಸುತ್ತಲಿನ ಹೆಜ್ಜೆಗಳ ಸದ್ದೇ ನನ್ನನ್ನು ಎಳೆದುಕೊಂಡು ಹೋಗಿತ್ತು. ಅಕ್ಕ ಪಕ್ಕದಲ್ಲಿದ್ದರೆ ಏನು ಕೇಳುತ್ತಿದ್ದರೆಂದು ನೆನೆದು, ನಾಳೆಯ ತಿಂಡಿಯ ಬಗ್ಗೆ ಮನಸ್ಸಿನಲ್ಲೇ ಉತ್ತರ ಹೇಳುತ್ತಾ ವೇಗವನ್ನು ಇಳಿಸಿದೆ. ಲಲಿತ ಮಹಲಿನ ಕಡೆಗಿನ ಏರಿನಲ್ಲಿ ಬೆಳಕು ಹರಿದು, ಬಲಕ್ಕೆ ಚಾಮುಂಡಿ ಬೆಟ್ಟದ ನೆತ್ತಿ ಮೋಡದೊಳಗಿನಿಂದ ಬಿಡಿಸಿಕೊಳ್ಳುತ್ತಿತ್ತು. 8ನೆಯ ಕಿಲೋಮೀಟರಿನಲ್ಲಿ ಒಂದು ಖರ್ಜೂರ, 14ರಲ್ಲಿ ಇನ್ನೊಂದು, ಪ್ರತಿ ನೀರಿನ ಮೇಜಿನ ಬಳಿ ಎರಡು ಗುಟುಕು: ಭಾನುವಾರಗಳಲ್ಲಿ ಅಭ್ಯಾಸ ಮಾಡಿದ್ದನ್ನಲ್ಲದೆ ಹೊಸದೇನನ್ನೂ ಬಾಯಿಗೆ ಹಾಕಲಿಲ್ಲ.

ದಾರಿ ಹೋದ ರಸ್ತೆಯಲ್ಲೇ ಮರಳುವಂಥದ್ದು. ತಿರುವು ಹಾಕಿ ಬರುವಾಗ ಎದುರಿನಿಂದ ಬರುತ್ತಿದ್ದ ಅಕ್ಕನನ್ನು ಕಂಡೆ. ಕೈಯೆತ್ತಿದರು, ಮಾತಾಡಲಿಲ್ಲ. ಅವರ ಹಿಂದೆ ಮೂರು ಗಂಟೆಯ ಬಾವುಟ ಹಿಡಿದು, ಗಡುವಿಗೆ ಸರಿಯಾದ ವೇಗದಲ್ಲಿ ಓಡುತ್ತಾ ದಾರಿ ತೋರುವ ಪೇಸರ್ ನೂರು ಮೀಟರಿನಷ್ಟು ದೂರದಲ್ಲಿದ್ದರು.

ಹದಿನೆಂಟರ ನಂತರದ ರಸ್ತೆ ನನ್ನ ಕಾಲಿಗೆ ಪರಿಚಯವಿಲ್ಲದ ದೂರ. ತೊಡೆಗಳು ಕಲ್ಲಿನಂತಾದವು, ಪಾದ ಎತ್ತುವುದಕ್ಕೂ ಮನಸ್ಸು ಮಾಡಬೇಕಾಯಿತು, ಆದರೆ ಉಸಿರು ಕೈಬಿಡಲಿಲ್ಲ. ಮೊದಲರ್ಧದಲ್ಲಿ ಉಳಿಸಿಟ್ಟದ್ದು ಅಲ್ಲಿ ಒದಗಿತು. 21ನೆಯ ಫಲಕ ದಾಟಿದ ಮೇಲೆ ಉಳಿಯುವ ತೊಂಬತ್ತೇಳೂವರೆ ಮೀಟರನ್ನು ನಾನು ಅಳುತ್ತಲೇ ಓಡಿದೆ. 2 ಗಂಟೆ 34 ನಿಮಿಷ.

ಪದಕವನ್ನು ಕೊರಳಿಗೆ ಹಾಕಿಸಿಕೊಂಡು, ಉಪ್ಪು ಬೆರೆಸಿದ ನಿಂಬೆ ಪಾನಕ ಕುಡಿದು, ಹಗ್ಗದಾಚೆಯ ಕಾಲುದಾರಿಯಲ್ಲಿ ಹಿಂದಕ್ಕೆ ನಡೆದೆ. ಗಡಿಯಾರ 2 ಗಂಟೆ 54 ನಿಮಿಷ ದಾಟಿದಾಗ ತಿರುವಿನಲ್ಲಿ ಅವರ ನೀಲಿ ಟೋಪಿ ಕಾಣಿಸಿತು. ಬಾವುಟದ ಪೇಸರ್ ಈಗ ಅವರ ಬೆನ್ನಿಗೇ ಇದ್ದರು. ನಾನು ಹಗ್ಗದ ಈಚೆಯಿಂದಲೇ ಜೊತೆಗೆ ಹೆಜ್ಜೆ ಹಾಕುತ್ತಾ, ಬೇರೇನೂ ತೋಚದೆ, "ಅಕ್ಕಾ, ಇವತ್ತು ನಿಮ್ಮನೇಲಿ ಏನು ಸಾರು?" ಎಂದು ಕೂಗಿದೆ. ಅವರು ತಲೆ ತಿರುಗಿಸಲಿಲ್ಲ. "ಬಸ್ಸಾರು," ಎಂದರು, "ನೀನೂ ಬಾ." ಪೂರ್ತಿ ವಾಕ್ಯ ಬಂತು, ಉಸಿರಿತ್ತು. 2 ಗಂಟೆ 57 ನಿಮಿಷಕ್ಕೆ ಅವರು ಗೆರೆ ದಾಟಿದರು.