ಇಬ್ಬರು ಪಿಕ್‌ಫರ್ಡ್‌ರ ನಡುವಿನ ಕಪ್ಪು ಪಟ್ಟಿ ಕೊನೆಗೂ ತೊಲಗಿತು

ಎಡಕ್ಕೆ ಹುಡುಗ, ಬಲಕ್ಕೆ ತಾಯಿ, ನಡುವೆ ಈಗ ಬರೀ ಗೋಡೆ. ಲ್ಯಾಬ್‌ನಿಂದ ಬಂದ ಹಿಂದಿನ ರೀಲುಗಳಲ್ಲೆಲ್ಲ ಇಬ್ಬರ ಮಧ್ಯೆ ಮಸಿ ಬಳಿದಂಥ ಪಟ್ಟಿಯೊಂದು ಮೂರನೇ ಪಾತ್ರಧಾರಿಯ ಹಾಗೆ ನಿಂತಿರುತ್ತಿತ್ತು.

ಒಬ್ಬರೇ ಎರಡು ಪಾತ್ರವಾಗಿ ಒಟ್ಟಿಗೆ ಕಾಣುವ ಹಳೆಯ ತಂತ್ರದ ಮರುಸೃಷ್ಟಿಗೆ ನಾವು ಆರಿಸಿಕೊಂಡದ್ದು 1921ರ ಮೂಕಿ ಚಿತ್ರ ‘ಲಿಟಲ್ ಲಾರ್ಡ್ ಫಾಂಟ್ಲರಾಯ್’. ಹಾಲಿವುಡ್ ತಾರೆ ಮೇರಿ ಪಿಕ್‌ಫರ್ಡ್‌ಗೆ ಆಗ 29 ವರ್ಷ. ಹುಡುಗ ಸೆಡ್ರಿಕ್ ಆಕೆಯೇ, ಅವನ ತಾಯಿಯೂ ಆಕೆಯೇ. ಕ್ಯಾಮೆರಾ ಚಾರ್ಲ್ಸ್ ರೋಷರ್ ಅವರದು. ಆ ಕಾಲದ ರೀತಿಯಲ್ಲೇ ಎಲ್ಲವೂ ಕ್ಯಾಮೆರಾದೊಳಗೇ ಮುಗಿಯಬೇಕು ಎಂಬುದು ಷರತ್ತು: ಅರ್ಧ ಮುಚ್ಚಿ ತೆಗೆ, ಫಿಲ್ಮ್ ಹಿಂದಕ್ಕೆ ಸುತ್ತು, ಉಳಿದರ್ಧ ಮುಚ್ಚಿ ಮತ್ತೆ ತೆಗೆ. ನಮ್ಮ ಕ್ಯಾಮೆರಾ 16 ಮಿ.ಮೀ. ಫಿಲ್ಮಿನ ಬೋಲೆಕ್ಸ್ ಎಚ್16, 25 ಮಿ.ಮೀ. ಲೆನ್ಸ್, ಸೆಕೆಂಡಿಗೆ 16 ಫ್ರೇಮ್. 

ಪಟ್ಟಿಗೆ ಮೊದಲ ಅನುಮಾನ ಬೆಳಕಿನ ಮೇಲೆ. ಟಂಗ್‌ಸ್ಟನ್ ದೀಪಕ್ಕೆ ವೋಲ್ಟೇಜ್ ಶೇ. 10 ಇಳಿದರೆ ಬೆಳಕು ಸುಮಾರು ಶೇ. 30 ಇಳಿಯುತ್ತದೆ, ಸಂಜೆ ಹೊತ್ತು ಇದೇನು ಅಪರೂಪವಲ್ಲ. ಆದರೆ ಅದರಿಂದ ಒಂದಿಡೀ ಅರ್ಧ ಮಂಕಾಗಬೇಕೇ ಹೊರತು ನಡುವೆ ಮಾತ್ರ ಪಟ್ಟಿ ಬೀಳದು. ಎರಡನೇ ಅನುಮಾನ ಗೇಟಿನ, ಅಂದರೆ ಫಿಲ್ಮ್ ಬೆಳಕಿಗೆ ಒಡ್ಡಿಕೊಳ್ಳುವ ಕಿಂಡಿಯಲ್ಲಿನ ಓಲಾಟದ ಮೇಲೆ. ಪ್ರತಿ ಫ್ರೇಮನ್ನೂ ಕದಲದಂತೆ ಹಿಡಿಯುವ ರಿಜಿಸ್ಟ್ರೇಷನ್ ಪಿನ್ ಬೋಲೆಕ್ಸ್‌ನಲ್ಲಿ ಇಲ್ಲ, ನಿಜ. ಆ ಕಾಲದ ಸ್ಟುಡಿಯೊ ಕ್ಯಾಮೆರಾ ಬೆಲ್ ಅಂಡ್ ಹಾವೆಲ್ 2709ರಲ್ಲಿ ಇತ್ತು. ಆದರೆ ಓಲಾಟವಾದರೆ ಪಟ್ಟಿ ನಡುಗಬೇಕಿತ್ತು. ನಮ್ಮದು ಕಂಬದ ಹಾಗೆ ಕದಲದೆ ನಿಂತಿತ್ತು.

ಉಳಿದದ್ದು ಮ್ಯಾಟ್ ಒಂದೇ, ಅಂದರೆ ಲೆನ್ಸಿನ ಮುಂದೆ ನಿಂತು ಅರ್ಧ ಚಿತ್ರ ಮುಚ್ಚುವ ತಗಡು. ಎಡದ್ದು ಒಂದು ತಗಡು, ಬಲದ್ದು ಇನ್ನೊಂದು, ಎರಡನ್ನೂ ಬೇರೆಬೇರೆಯಾಗಿ ‘ಅರ್ಧಕ್ಕೆ’ ಕತ್ತರಿಸಿದ್ದು. ಎರಡೂ ನಡುಗೆರೆಯನ್ನು ಅರ್ಧರ್ಧ ಮಿಲಿಮೀಟರ್ ದಾಟಿದರೆ ಸಾಕು, 1 ಮಿ.ಮೀ. ಅಗಲಕ್ಕೆ ಎರಡು ಸಲವೂ ಬೆಳಕು ತಡೆದಂತಾಯಿತು. ಈಗ ಲೆಕ್ಕ ನೋಡಿ. ಮ್ಯಾಟ್ ಲೆನ್ಸಿನಿಂದ 100 ಮಿ.ಮೀ. ಮುಂದಿದೆ. ಅಪರ್ಚರ್ ಎಂದರೆ ಲೆನ್ಸಿನ ಬೆಳಕುಕಿಂಡಿ, ಎಫ್ ಅಂಕಿ ಹೆಚ್ಚಿದಷ್ಟೂ ಅದು ಕಿರಿದು. ಎಫ್ 8ರಲ್ಲಿ ಅದರ ವ್ಯಾಸ ಸುಮಾರು 3.1 ಮಿ.ಮೀ. ಆ ವೃತ್ತದ ನಡುವೆ 1 ಮಿ.ಮೀ. ಅಗಲ ಕಳೆದರೆ ಪಟ್ಟಿಯ ನಡುಭಾಗದಲ್ಲಿ ಐದರಲ್ಲಿ ಎರಡು ಪಾಲು ಬೆಳಕು ನಷ್ಟ, ಅಂದರೆ ಅರ್ಧ ಸ್ಟಾಪ್‌ಗಿಂತ ಜಾಸ್ತಿ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ ಇಳಿಯುವುದು). ಅಂಚು ಚೊಕ್ಕಟವಾಗಿ ಬರಲಿ ಎಂದು ಎಫ್ 16ಕ್ಕೆ ಇಳಿಸಿದರೆ ವ್ಯಾಸವೇ 1.6 ಮಿ.ಮೀ.; ನಷ್ಟ ನಾಲ್ಕರಲ್ಲಿ ಮೂರು ಪಾಲಿನ ಹತ್ತಿರ. ಅಪರ್ಚರ್ ಮುಚ್ಚಿದಷ್ಟೂ ಪಟ್ಟಿ ಕಪ್ಪಾಗುತ್ತಿದ್ದುದರ ಗುಟ್ಟು ಇಷ್ಟೇ.

ಹಾಗೆಂದು ಎಫ್ 2.8ಕ್ಕೆ ತೆರೆದರೆ ಬೇರೆ ತಲೆನೋವು. ಎರಡು ಚಿತ್ರಗಳು ಬೆರೆಯುವ ಜಾಗ ಫಿಲ್ಮಿನ ಮೇಲೆ 2.2 ಮಿ.ಮೀ. ಆಗುತ್ತದೆ. ಫ್ರೇಮಿನ ಅಗಲವೇ 10.26. ಅಲ್ಲಿಗೆ ಕೈ ಚಾಚಿದರೆ ಬೆರಳು ದೆವ್ವದ ಬೆರಳಿನಂತೆ ಪಾರದರ್ಶಕ! ಎಫ್ 5.6ರಲ್ಲಿ 1.1 ಮಿ.ಮೀ.; ಅದೇ ಸರಿಹೋಯಿತು.

ಪರಿಹಾರ: 0.3 ಮಿ.ಮೀ. ಕಪ್ಪು ರಟ್ಟು ಒಂದೇ ಹಾಳೆ, ಉಕ್ಕಿನ ಸ್ಕೇಲಿಗೆ ಆನಿಸಿ ಹೊಸ ಬ್ಲೇಡಿನಿಂದ ಒಂದೇ ಕೊಯ್ತ. ಎರಡೂ ತುಂಡು ಒಂದೇ ಚೌಕಟ್ಟಿನಲ್ಲಿ ಅಂಚಿಗೆ ಅಂಚು ಕೂತಿರಬೇಕು. ನಡುವೆ ಬೆಳಕು ನುಸುಳಬಾರದು, ಒಂದರ ಮೇಲೊಂದು ಏರಲೂಬಾರದು. ಎಡ ತುಂಡು ತೆಗೆದು ಶೂಟ್ ಮಾಡಿ, ವಾಪಸ್ ಕೂರಿಸಿ, ಆಮೇಲೆ ಬಲದ್ದನ್ನು ತೆಗೆಯಿರಿ. ಎರಡು ಸಲವೂ ಅಪರ್ಚರ್ ರಿಂಗ್ ಮುಟ್ಟಕೂಡದು. ಕತ್ತರಿಸಿದ ಅಂಚು ಬೆಳ್ಳಗೆ ಮಿನುಗುತ್ತದೆ, ಅದಕ್ಕೆ ದೀಪದ ಮಸಿ ಸವರಿ. ‘ಹೊಳಪಿಲ್ಲದ ಕಪ್ಪು’ ಎಂದು ಆನ್‌ಲೈನ್ ಅಂಗಡಿಯೊಂದು ಕಳಿಸಿದ ಅಲ್ಯೂಮಿನಿಯಂ ತಗಡಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು.

ಹಿಂದಕ್ಕೆ ಸುತ್ತುವಾಗ ಲೆನ್ಸಿಗೆ ಮುಚ್ಚಳ, ಶಟರ್ ಬಂದ್, ಮೋಟಾರ್ ಲಿವರ್ ಸೊನ್ನೆಗೆ. 20 ಸೆಕೆಂಡಿನ ಶಾಟ್ ಎಂದರೆ 320 ಫ್ರೇಮ್. ಹಿಡಿಯ ಒಂದು ಸುತ್ತಿಗೆ 8 ಫ್ರೇಮ್‌ನಂತೆ 40 ಸುತ್ತು. ಒಂದು ಸುತ್ತು ಹೆಚ್ಚು ಹಿಂದೆ ಹೋಗಿ ಮತ್ತೆ ಮುಂದೆ ತನ್ನಿ, ಹಲ್ಲುಚಕ್ರದ ಸಡಿಲ ಎರಡೂ ಸಲ ಒಂದೇ ಕಡೆಗಿರುತ್ತದೆ.

ಇಷ್ಟೆಲ್ಲ ಸರಿಯಾದರೂ ನಟನೆ ತಾಳ ತಪ್ಪಿದರೆ ತಾಯಿ ಕೇಳುವ ಮೊದಲೇ ಮಗ ಉತ್ತರ ಕೊಟ್ಟಿರುತ್ತಾನೆ. ಮೂಕಿ ಚಿತ್ರವಾದ್ದರಿಂದ ಪಕ್ಕದಲ್ಲಿ ನಿಂತು ಗಟ್ಟಿಯಾಗಿ ಅಂಕಿ ಎಣಿಸಬಹುದು: 7ಕ್ಕೆ ತಿರುಗು, 12ಕ್ಕೆ ನಗು. ಪಿಕ್‌ಫರ್ಡ್‌ಗೆ ಇದು ಒಲಿದದ್ದಕ್ಕೆ ರಂಗಭೂಮಿಯೂ ಕಾರಣ ಎನ್ನುವುದು ನನ್ನ ಎಣಿಕೆ. ಬಾಲ್ಯದಿಂದ ನಾಟಕ, 1907ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ ನಿರ್ಮಾಪಕ ಡೇವಿಡ್ ಬೆಲಾಸ್ಕೊ ಕೈಕೆಳಗೆ, 1909ರಲ್ಲಿ ಬಯೋಗ್ರಾಫ್ ಚಿತ್ರ ಕಂಪನಿಗೆ ಬಂದು ನಿರ್ದೇಶಕ ಡಿ. ಡಬ್ಲ್ಯೂ. ಗ್ರಿಫಿತ್ ಚಿತ್ರಗಳು, 1913ರಲ್ಲಿ ಮತ್ತೆ ಬೆಲಾಸ್ಕೊ ಬಳಿ ‘ಎ ಗುಡ್ ಲಿಟಲ್ ಡೆವಿಲ್’ ನಾಟಕ. ರಾತ್ರಿ ರಾತ್ರಿ ಅದೇ ಸಾಲಿಗೆ ಅದೇ ಹೆಜ್ಜೆ ಇಟ್ಟು ಪಳಗಿದವರು ಖಾಲಿ ಗಾಳಿಯ ಜೊತೆಗೂ ಲಯ ತಪ್ಪುವುದಿಲ್ಲ. 1918ರ ‘ಸ್ಟೆಲ್ಲಾ ಮಾರಿಸ್’ನಲ್ಲಿ ಆಗಲೇ ಎರಡು ಪಾತ್ರ ಮಾಡಿ ಮುಗಿಸಿದ್ದರು.

ಮಗ ತಾಯಿಗೆ ಮುತ್ತಿಡುವ ಶಾಟ್‌ಗೆ ಸದ್ಯ ಕೈಹಾಕುವುದಿಲ್ಲ. ಅಲ್ಲಿ ಮುಖವೇ ನಡುಗೆರೆಯನ್ನು ದಾಟುತ್ತದೆ, ನೇರ ಕೊಯ್ತದ ಮ್ಯಾಟ್ ಕೆಲಸಕ್ಕೆ ಬಾರದು. ತೆರೆಯ ಮೇಲಿನ ಆ ಮೂರು ಸೆಕೆಂಡಿಗೆ ರೋಷರ್ ತಂಡಕ್ಕೆ 15 ಗಂಟೆಯ ಆಸುಪಾಸು ಹಿಡಿಯಿತಂತೆ. ನಮ್ಮ ದೀಪಗಳು ಅಷ್ಟು ಹೊತ್ತು ಉರಿದರೆ ಕರೆಂಟ್ ಬಿಲ್ಲಿಗೆ ಬೇರೆ ಮ್ಯಾಟ್ ಬೇಕು.

ಅದಕ್ಕಿಂತ 1917ರ ‘ದ ಪೂರ್ ಲಿಟಲ್ ರಿಚ್ ಗರ್ಲ್’ ಕಡೆ ಮನಸ್ಸು ಓಡುತ್ತಿದೆ. ವಯಸ್ಕ ಪಿಕ್‌ಫರ್ಡ್ 11ರ ಹುಡುಗಿಯಾಗಿ ಕಾಣಲೆಂದು ಮೋರಿಸ್ ಟೂರ್ನರ್ ನಿರ್ದೇಶನದ ಆ ಚಿತ್ರದಲ್ಲಿ ಪೀಠೋಪಕರಣಗಳನ್ನೇ ಹಿಗ್ಗಿಸಿದ್ದರು. 5 ಅಡಿಯವರು 4 ಅಡಿಯಾಗಿ ಕಾಣಲು ಒಂದೂಕಾಲು ಪಟ್ಟು: 30 ಇಂಚಿನ ಮೇಜು 37.5, 18ರ ಕುರ್ಚಿ 22.5. ಹಲಗೆಯ ದಪ್ಪವೂ ಹಿಗ್ಗಬೇಕು, ಇಲ್ಲದಿದ್ದರೆ ಮೇಜು ಸಣಕಲಾಗಿ ಕಂಡು ಗುಟ್ಟು ರಟ್ಟು. 19 ಮಿ.ಮೀ. ಬದಲು 24 ಬೇಕು, ಅಂದರೆ 12ರ ಎರಡು ಪ್ಲೈವುಡ್ ಅಂಟಿಸಿದರಾಯಿತು. ಒಂದೂಕಾಲು ಪಟ್ಟಿನ ಹಿತ್ತಾಳೆ ಬಾಗಿಲ ಹಿಡಿ ಎಲ್ಲಿ ಸಿಗುತ್ತದೆ, ಬಲ್ಲವರು ತಿಳಿಸಿ; ಕೇಳಿದ ಅಂಗಡಿಯವರೆಲ್ಲ ಎರಡು ಪಟ್ಟಿನದ್ದನ್ನೇ ಮುಂದಿಡುತ್ತಿದ್ದಾರೆ.